ಹಿರಿಯ ರೈಡರ್‌ಗೆ ಗೌರವ ಕೊಡಿ, ಇಡೀ ತಂಡವನ್ನಲ್ಲ

ಅಡಿಕೆ ಕೊಯ್ಲು ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಬ್ಯಾನರ್ ಏಳುತ್ತವೆ. ಕಡೂರಾಗಲಿ, ತರೀಕೆರೆಯಾಗಲಿ, ಅಜ್ಜಂಪುರವಾಗಲಿ, ತಂಡ ಕಟ್ಟುವ ಮಾತು ಬಂದಾಗ ಚರ್ಚೆ ನಿಲ್ಲುವುದು ಒಂದೇ ಕಡೆ. ಹತ್ತು ಹನ್ನೆರಡು ವರ್ಷ ತಂಡಕ್ಕೆ ಅಂಕ ತಂದುಕೊಟ್ಟ ಅಣ್ಣನನ್ನೇ ಈ ಸಲವೂ ಮೇನ್ ರೈಡರ್ ಮಾಡಬೇಕಾ? ಅವನಿಗೆ ಈಗ ಮೂವತ್ತೈದು ದಾಟಿದೆ, ಮಂಡಿಗೆ ಪಟ್ಟಿ ಬಂದಿದೆ. ಆದರೂ ಅವನ ಹೆಸರು ಕೂಗಿದರೆ ಗ್ಯಾಲರಿ ಎದ್ದು ನಿಲ್ಲುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಣ್ಣ ತಂಡದಲ್ಲಿ ಇರಲಿ. ಆದರೆ ತಂಡವನ್ನು ಅವನ ಸುತ್ತ ಕಟ್ಟಬೇಡಿ. ಇದು ವಯಸ್ಸಾದವರನ್ನು ಮೂಲೆಗೆ ತಳ್ಳುವ ಮಾತಲ್ಲ. ಕಬಡ್ಡಿಯ ಲೆಕ್ಕವೇ ಹಾಗಿದೆ.

ಈ ಲೆಕ್ಕವನ್ನು ಬೆಂಗಳೂರು ಬುಲ್ಸ್ ತಂಡ ಇಡೀ ರಾಜ್ಯದ ಕಣ್ಣೆದುರು ಮಾಡಿ ತೋರಿಸಿತು. 2024ರ ಆಗಸ್ಟ್‌ನ ಹರಾಜಿನಲ್ಲಿ ಬುಲ್ಸ್ 70 ಲಕ್ಷ ಕೊಟ್ಟು ಪ್ರದೀಪ್ ನರ್ವಾಲ್ ಅವರನ್ನು ತಂದಿತು, ನಾಯಕನನ್ನಾಗಿಯೂ ಮಾಡಿತು. ಪ್ರದೀಪ್ ಸಾಮಾನ್ಯ ಆಟಗಾರರಲ್ಲ. ಪ್ರೊ ಕಬಡ್ಡಿಗೆ 2015ರಲ್ಲಿ ಕಾಲಿಟ್ಟಿದ್ದೇ ಬುಲ್ಸ್ ಮೂಲಕ. ಆಮೇಲೆ ಪಟ್ನಾ ಪೈರೇಟ್ಸ್ ಸೇರಿ ಸತತ ಮೂರು ಕಪ್ ಗೆದ್ದರು. 2017ರ ಐದನೇ ಸೀಸನ್‌ನಲ್ಲಿ 369 ರೈಡ್ ಅಂಕ, ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 34 ಅಂಕ. ಡಿಫೆಂಡರ್‌ಗಳು ಕೈಕೈ ಹಿಡಿದು ಮುಚ್ಚಲು ಬಂದಾಗ ಅವರ ತೋಳಿನಡಿ ನುಸುಳಿ ಗೆರೆ ಮುಟ್ಟುವ ಅವರ ಡುಬ್ಕಿಯನ್ನು ನಮ್ಮೂರ ಹೈಸ್ಕೂಲ್ ಮೈದಾನಗಳಲ್ಲಿ ಪ್ರಾಕ್ಟೀಸ್ ಮಾಡದ ಹುಡುಗ ಸಿಗುವುದು ಕಷ್ಟ.

ಅಷ್ಟು ದೊಡ್ಡ ಹೆಸರು ಬಂದ ಆ ಹನ್ನೊಂದನೇ ಸೀಸನ್‌ನಲ್ಲಿ ಬುಲ್ಸ್ ಆಡಿದ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಮರುವರ್ಷದ ಹರಾಜಿನಲ್ಲಿ ಪ್ರದೀಪ್ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ. 1,801 ರೈಡ್ ಅಂಕ ಗಳಿಸಿದ್ದ ಆಟಗಾರ 2025ರ ಜೂನ್‌ನಲ್ಲಿ ನಿವೃತ್ತಿ ಹೇಳಿದರು. ಆಗ ಅವರ ವಯಸ್ಸು 28 ಮಾತ್ರ.

ಸೋಲಿನ ಹೊಣೆಯನ್ನೆಲ್ಲ ಪ್ರದೀಪ್ ತಲೆಗೆ ಕಟ್ಟುವುದು ಅನ್ಯಾಯ. ಉಳಿದ ರೈಡರ್‌ಗಳೂ ಆಡಲಿಲ್ಲ, ಡಿಫೆನ್ಸೂ ಕೈಕೊಟ್ಟಿತು. ನಾವು ಕೇಳುವುದು ಬೇರೆ ಪ್ರಶ್ನೆ. ಅಣ್ಣ ಅಂಕ ತರುತ್ತಾನೆ ಅಂತ ನಂಬಿ ತಂಡ ಕಟ್ಟಿದಾಗ, ಅವನು ತರದ ದಿನ ಏನು ಮಾಡಬೇಕು ಅನ್ನುವುದಕ್ಕೆ ಉತ್ತರ ಇತ್ತಾ?

ಬೇರೆ ಆಟಗಳಿಗಿಂತ ಕಬಡ್ಡಿಯಲ್ಲಿ ಈ ಪ್ರಶ್ನೆ ಹೆಚ್ಚು ಮುಖ್ಯ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸ್ಟಾರ್ ಆಟಗಾರ ಎಸೆದ ಚೆಂಡು ಬುಟ್ಟಿಗೆ ಬೀಳದಿದ್ದರೆ ಅವನು ಅಂಕಣದಲ್ಲೇ ಇರುತ್ತಾನೆ, ಮರುನಿಮಿಷ ಇನ್ನೊಮ್ಮೆ ಎಸೆಯಬಹುದು. ಕಬಡ್ಡಿಯಲ್ಲಿ ರೈಡರ್ ಸಿಕ್ಕಿಬಿದ್ದರೆ ಎದುರಾಳಿಗೆ ಅಂಕ ಹೋಗುತ್ತದೆ, ಜೊತೆಗೆ ಅವನೂ ಹೊರಗೆ ಕೂರುತ್ತಾನೆ. ಅವನು ವಾಪಸ್ ಬರಬೇಕಾದರೆ ಒಳಗಿರುವ ಬೇರೆ ಯಾರಾದರೂ ಅಂಕ ತರಬೇಕು. ಆ ಬೇರೆಯವರಿಗೆ ನೀವು ರೈಡ್ ಮಾಡಲು ಕಲಿಸಿಯೇ ಇಲ್ಲ ಅಂದರೆ? ಎರಡು ಖಾಲಿ ರೈಡ್ ಆಗುತ್ತವೆ, ಮೂರನೆಯದು ಡು ಆರ್ ಡೈ, ಅದರಲ್ಲಿ ಇನ್ನೊಬ್ಬ ಔಟ್. ಅಣ್ಣ ಬೆಂಚಿನಲ್ಲಿ ಕೂತು ನೋಡುತ್ತಿರುವಾಗಲೇ ಆಲ್‌ಔಟ್ ಆಗುತ್ತದೆ. ನಮ್ಮ ಕಡೆಯ ಎಷ್ಟೋ ಸೆಮಿಫೈನಲ್‌ಗಳು ಹೀಗೇ ಐದು ನಿಮಿಷದಲ್ಲಿ ಕೈ ಜಾರಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಯಸ್ಸು ಎಲ್ಲ ಜಾಗವನ್ನೂ ಒಂದೇ ರೀತಿ ತಿನ್ನುವುದಿಲ್ಲ ಅನ್ನುವುದನ್ನೂ ಗಮನಿಸಬೇಕು. ರೈಡರ್ ಬದುಕುವುದು ಕಾಲಿನ ವೇಗದ ಮೇಲೆ, ಬಗ್ಗಿ ಏಳುವ ಸೊಂಟದ ಮೇಲೆ. ಕಾರ್ನರ್‌ನಲ್ಲಿ ನಿಂತವನು ಬದುಕುವುದು ಕಾಯುವ ತಾಳ್ಮೆಯ ಮೇಲೆ, ಎದುರಾಳಿಯ ಹೆಜ್ಜೆ ಓದುವ ಕಣ್ಣಿನ ಮೇಲೆ. ಮೊದಲನೆಯದು ಬೇಗ ಹೋಗುತ್ತದೆ, ಎರಡನೆಯದು ಅನುಭವದಿಂದ ಹೆಚ್ಚುತ್ತದೆ. 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಎಂಟನೇ ಸೀಸನ್ ಫೈನಲ್ ನೆನಪಿಸಿಕೊಳ್ಳಿ. ಕಪ್ ಗೆದ್ದ ದಬಾಂಗ್ ಡೆಲ್ಲಿಯ ಡಿಫೆನ್ಸ್‌ನಲ್ಲಿ ಜೋಗಿಂದರ್ ನರ್ವಾಲ್, ಮಂಜಿತ್ ಛಿಲ್ಲರ್ ಅವರಂಥ ಹಳೇ ಹುಲಿಗಳಿದ್ದರು. ರೈಡಿಂಗ್ ಹೊಣೆ ಮಾತ್ರ ಇಪ್ಪತ್ತರ ಆಸುಪಾಸಿನ ನವೀನ್ ಕುಮಾರ್ ಹೆಗಲಿಗೆ.

ಆ ಫೈನಲ್‌ನಲ್ಲಿ ಸೋತ ತಂಡದಿಂದಲೂ ಪಾಠವಿದೆ. ಅದು ಪಟ್ನಾ ಪೈರೇಟ್ಸ್. ಆ ಸೀಸನ್‌ಗೆ ಮುಂಚೆ ಪಟ್ನಾ ಪ್ರದೀಪ್ ನರ್ವಾಲ್ ಅವರನ್ನು ಬಿಟ್ಟುಕೊಟ್ಟಿತ್ತು. ಯು.ಪಿ. ಯೋಧಾ ಅವರನ್ನು 1.65 ಕೋಟಿಗೆ ಕೊಂಡಿತು, ಅದು ಅಲ್ಲಿಯವರೆಗಿನ ದಾಖಲೆ ಬೆಲೆ. ಯೋಧಾ ಪರ ಪ್ರದೀಪ್ ಮೂರು ಸೀಸನ್ ಆಡಿದರೂ ಕಪ್ ಬರಲಿಲ್ಲ. ಇತ್ತ ಪಟ್ನಾ ನಮ್ಮ ರಾಜ್ಯದ ಪ್ರಶಾಂತ್ ಕುಮಾರ್ ರೈ ಅವರನ್ನು ನಾಯಕನನ್ನಾಗಿಸಿ, ರೈಡಿಂಗನ್ನು ಮೂರು ನಾಲ್ಕು ಜನರಿಗೆ ಹಂಚಿ, ಡಿಫೆನ್ಸನ್ನು ಗಟ್ಟಿ ಮಾಡಿಕೊಂಡು ಫೈನಲ್‌ವರೆಗೆ ಬಂತು. ಸೋತದ್ದು 36-37ರಲ್ಲಿ, ಒಂದೇ ಒಂದು ಅಂಕದಿಂದ.

ಒಬ್ಬನ ಮೇಲೆ ನಿಲ್ಲುವ ತಂಡಕ್ಕೆ ವಯಸ್ಸಿನ ಹಂಗೂ ಇಲ್ಲ. ಪವನ್ ಸೆಹ್ರಾವತ್ ಅವರಿಗೆ ತೆಲುಗು ಟೈಟಾನ್ಸ್ ಹತ್ತನೇ ಸೀಸನ್‌ನಲ್ಲಿ 2.60 ಕೋಟಿಗೂ ಹೆಚ್ಚು ಕೊಟ್ಟಿತು. ಪವನ್ ಚೆನ್ನಾಗಿಯೇ ಆಡಿದರು. ಟೈಟಾನ್ಸ್ 22ರಲ್ಲಿ ಎರಡು ಗೆದ್ದು ಕೊನೆಯ ಸ್ಥಾನದಲ್ಲಿ ಉಳಿಯಿತು. ಅದೇ ಸೀಸನ್‌ನಲ್ಲಿ ಕಪ್ ಎತ್ತಿದ್ದು ಪುಣೇರಿ ಪಲ್ಟನ್, ಅಸ್ಲಂ ಇನಾಂದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಎಂಬ ಹುಡುಗರು ರೈಡ್ ಹಂಚಿಕೊಂಡ ತಂಡ. ಅದರ ಕೋಚ್ ಕನ್ನಡಿಗ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಕೊನೆಯ ಸ್ಥಾನಕ್ಕೆ ಕುಸಿದಿದ್ದ ಬುಲ್ಸ್ ಹನ್ನೆರಡನೇ ಸೀಸನ್‌ಗೆ ಅವರನ್ನೇ ಕರೆತಂದಿತು, ಹೊಸಬರನ್ನು ಹಾಕಿಕೊಂಡು ಪ್ಲೇಆಫ್ ತಲುಪಿತು.

ಹಾಗಾದರೆ ಹಿರಿಯ ಸ್ಟಾರ್‌ನಿಂದ ಉಪಯೋಗವೇ ಇಲ್ಲವೇ? ಇದೆ, ದೊಡ್ಡ ಉಪಯೋಗವೇ ಇದೆ. ಬುಲ್ಸ್ ಇದುವರೆಗೆ ಗೆದ್ದ ಒಂದೇ ಕಪ್, 2019ರ ಜನವರಿ 5ರಂದು ಗುಜರಾತ್ ವಿರುದ್ಧ 38-33ರಿಂದ ಗೆದ್ದದ್ದು, ಇದಕ್ಕೆ ಸಾಕ್ಷಿ. ಅಂದಿನ ನಾಯಕ ರೋಹಿತ್ ಕುಮಾರ್ ಹಿಂದಿನ ಸೀಸನ್‌ನಲ್ಲಿ ತಂಡದ ಮುಖ್ಯ ರೈಡರ್ ಆಗಿದ್ದವರು. ಆ ವರ್ಷ 22ರ ಹರೆಯದ ಪವನ್ ಮುಂದೆ ಬಂದರು. ರೋಹಿತ್ ಎರಡನೇ ರೈಡರ್ ಜಾಗಕ್ಕೆ ಸರಿದು ನಾಯಕತ್ವ ಮಾಡಿದರು. ಫೈನಲ್‌ನಲ್ಲಿ ಪವನ್ 22 ಅಂಕ ತಂದರು. ದೊಡ್ಡವನು ಜಾಗ ಬಿಟ್ಟುಕೊಟ್ಟಿದ್ದಕ್ಕೆ ಚಿಕ್ಕವನು ದೊಡ್ಡವನಾದ.

ಕ್ರಿಕೆಟ್ ಉದಾಹರಣೆ ಕೊಡದಿದ್ದರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ, ಅದನ್ನೂ ಕೊಡುತ್ತೇವೆ. 2016ರಲ್ಲಿ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಹೊಡೆದರು. ಆರ್‌ಸಿಬಿ ಫೈನಲ್‌ನಲ್ಲಿ ಎಂಟು ರನ್‌ನಿಂದ ಸೋತಿತು. 2025ರಲ್ಲಿ 36ರ ಕೊಹ್ಲಿ ಹೊಡೆದದ್ದು 657. ಕಪ್ ಬಂತು! ನಾಯಕ ರಜತ್ ಪಾಟೀದಾರ್, ವಿಕೆಟ್ ಕಿತ್ತವರು ಹೇಜಲ್‌ವುಡ್, ಲಖನೌ ವಿರುದ್ಧ ಕೈಬಿಟ್ಟ ಪಂದ್ಯವನ್ನು ಗೆಲ್ಲಿಸಿದವರು ಜಿತೇಶ್ ಶರ್ಮಾ, ಫೈನಲ್‌ನ ಶ್ರೇಷ್ಠ ಆಟಗಾರ ಕೃಣಾಲ್ ಪಾಂಡ್ಯ. ಕೊಹ್ಲಿ ಆ ತಂಡದ ಒಂದು ಕಂಬ. ಚಾವಣಿ ಅವರೊಬ್ಬರ ಮೇಲೆ ಇರಲಿಲ್ಲ, ಅಷ್ಟೇ.

ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇವೆರಡೂ ದಾರಿ ಹತ್ತಿರ ಹತ್ತಿರದ ವರ್ಷಗಳಲ್ಲೇ ಕಂಡವು. ಲಾಸ್ ಏಂಜಲೀಸ್ ಲೇಕರ್ಸ್ ಗಾಯಗೊಂಡಿದ್ದ 35ರ ಕೋಬಿ ಬ್ರಯಂಟ್ ಅವರಿಗೆ 2013ರಲ್ಲಿ ಎರಡು ವರ್ಷಕ್ಕೆ 4.85 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. 2016ರ ಏಪ್ರಿಲ್‌ನಲ್ಲಿ ಕೊನೆಯ ಪಂದ್ಯದಲ್ಲಿ ಕೋಬಿ 60 ಅಂಕ ಹೊಡೆದು ಕಣ್ಣೀರು ತರಿಸಿದರು. ಆ ಸೀಸನ್‌ನಲ್ಲಿ ತಂಡ 82ರಲ್ಲಿ ಗೆದ್ದದ್ದು 17. ಅತ್ತ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಟಿಮ್ ಡಂಕನ್ ಕಡಿಮೆ ಸಂಬಳ ಒಪ್ಪಿಕೊಂಡು, ಆಟವನ್ನು ಹಂಚಿಕೊಂಡು, 38ನೇ ವಯಸ್ಸಿನಲ್ಲಿ 2014ರ ಕಪ್ ಗೆದ್ದರು. ಫೈನಲ್ಸ್‌ನ ಶ್ರೇಷ್ಠ ಆಟಗಾರ ಅದೇ ತಂಡದ 22ರ ಕವಾಯ್ ಲೆನಾರ್ಡ್.

ಈಗ ನಮ್ಮೂರಿಗೆ ಬರೋಣ. ಲೇಕರ್ಸ್ ಸೋತರೆ ಮಾಲೀಕರಿಗೆ ನಷ್ಟ. ಇಲ್ಲಿ ನಷ್ಟ ಯಾರಿಗೆ?

ಹದಿನೆಂಟು ತುಂಬಿದ ಹುಡುಗನಿಗೆ. ನಮ್ಮ ಬಯಲುಸೀಮೆ ಊರುಗಳಲ್ಲಿ ಕಬಡ್ಡಿ ಆಡುವ ಹುಡುಗನಿಗೆ ಪಿಯುಸಿ ಮುಗಿದ ಮೇಲೆ ಸಿಗುವುದು ಎರಡೋ ಮೂರೋ ವರ್ಷ. ಆಮೇಲೆ ಬೀರೂರಿನಲ್ಲೋ ಕಡೂರಿನಲ್ಲೋ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತಾನೆ, ಇಲ್ಲವೇ ಅಪ್ಪನ ತೋಟಕ್ಕೆ ಇಳಿಯುತ್ತಾನೆ. ಆ ಎರಡು ಮೂರು ವರ್ಷದಲ್ಲಿ ಅವನು ದಸರಾ ಕ್ರೀಡಾಕೂಟದಲ್ಲಿ ತಾಲ್ಲೂಕು ದಾಟಿ, ಜಿಲ್ಲೆ ದಾಟಿ ಯಾರ ಕಣ್ಣಿಗಾದರೂ ಬಿದ್ದರೆ ಕಾಲೇಜಿನ ಕ್ರೀಡಾ ಸೀಟು, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾ ಎಂಬ ಬಾಗಿಲು ಸ್ವಲ್ಪ ತೆರೆಯುತ್ತದೆ. ರೈಡ್ ಮಾಡದ ರೈಡರ್ ಯಾರ ಕಣ್ಣಿಗೆ ಬೀಳುತ್ತಾನೆ? ಪ್ರತಿ ಸಲ "ಅಣ್ಣ ಹೋಗ್ಲಿ ಬಿಡ್ರೋ" ಅನ್ನುವಾಗ ಆ ಹುಡುಗನ ಪಾಲಿನ ಮೂವತ್ತು ಸೆಕೆಂಡು ಕಳೆಯುತ್ತದೆ.

ನಲವತ್ತು ನಿಮಿಷದ ಪಂದ್ಯದಲ್ಲಿ ಒಂದು ತಂಡಕ್ಕೆ ಹೆಚ್ಚೆಂದರೆ ನಲವತ್ತರ ಆಸುಪಾಸು ರೈಡ್ ಸಿಗುತ್ತವೆ. ಊರಿನ ಪಂದ್ಯಗಳಲ್ಲಿ ಸಮಯ ಇನ್ನೂ ಕಡಿಮೆ. ಅದರಲ್ಲಿ ಅರ್ಧ ಅಣ್ಣನಿಗೆ, ಕಾಲು ಭಾಗ ಹೊರಗಿನಿಂದ ದುಡ್ಡು ಕೊಟ್ಟು ಕರೆಸಿದ ಆಟಗಾರನಿಗೆ ಹೋದರೆ ಊರಿನ ಹುಡುಗರಿಗೆ ಉಳಿಯುವುದು ಬೋನಸ್ ಗೆರೆ ನೋಡಿಕೊಂಡು ಬರುವ ಕೆಲಸ.

ನಷ್ಟ ಅಣ್ಣನಿಗೂ ಇದೆ. ಪ್ರೊ ಕಬಡ್ಡಿ ಆಟಗಾರನ ಮಂಡಿ ತಿರುಚಿದರೆ ನೋಡಿಕೊಳ್ಳಲು ಫಿಸಿಯೊ ಇರುತ್ತಾರೆ. ನಮ್ಮ ಅಣ್ಣನ ಮಂಡಿ ತಿರುಚಿದರೆ ಮರುದಿನ ಅಡಿಕೆ ಮರ ಹತ್ತುವವರು ಯಾರು, ಆಟೊ ಓಡಿಸುವವರು ಯಾರು? ಚಪ್ಪಾಳೆ ಹೊಡೆದ ಗ್ಯಾಲರಿ ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ.

ಎದುರು ವಾದವೂ ಗಟ್ಟಿಯಾಗಿಯೇ ಇದೆ. ಹೆಸರಿದ್ದರೆ ಜನ ಸೇರುತ್ತಾರೆ, ಜನ ಸೇರಿದರೆ ದಾನಿಗಳು ಬಹುಮಾನ ಕೊಡುತ್ತಾರೆ ಅನ್ನುತ್ತಾರೆ ಆಯೋಜಕರು. ನಿಜ. ಆದರೆ ಜನ ಅಣ್ಣನನ್ನು ನೋಡಲು ಬರುತ್ತಾರೆ, ಅವನು ಇಪ್ಪತ್ತು ರೈಡ್ ಮಾಡಿ ಹತ್ತು ಸಲ ಸಿಕ್ಕಿಬೀಳುವುದನ್ನು ನೋಡಲು ಅಲ್ಲ. ಕೊನೆಯ ಐದು ನಿಮಿಷಕ್ಕೆ ಅವನು ಇಳಿದರೆ ಸದ್ದು ಇನ್ನೂ ಜೋರಾಗಿರುತ್ತದೆ. ಹುಡುಗರು ಒತ್ತಡದಲ್ಲಿ ತಡವರಿಸುತ್ತಾರೆ ಅನ್ನುವುದು ಇನ್ನೊಂದು ವಾದ. ಅದೂ ನಿಜ. ಒತ್ತಡಕ್ಕೆ ಬಿಡದೆ ಒತ್ತಡ ತಡೆಯುವುದನ್ನು ಕಲಿಸಿದವರು ಯಾರಾದರೂ ಇದ್ದಾರೆಯೇ?

ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಕೇಂದ್ರವಿದೆ, ಎತ್ತಿನ ವಿಷಯ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸ ಹೋರಿಯನ್ನು ಪಳಗಿಸುವಾಗ ರೈತರು ಅನುಭವಿ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಹಳೇ ಎತ್ತು ಸಾಲು ತಪ್ಪುವುದಿಲ್ಲ, ಹೋರಿ ಅದರ ಜೊತೆ ನಡೆದು ಕಲಿಯುತ್ತದೆ. ಹಳೇ ಎತ್ತನ್ನು ಒಂಟಿಯಾಗಿ ಕಟ್ಟಿ ಹೊಲವೆಲ್ಲ ಉಳಿಸುವವನನ್ನು ಯಾರೂ ಬುದ್ಧಿವಂತ ಅನ್ನುವುದಿಲ್ಲ.

ಹಾಗಾಗಿ ನಮ್ಮ ಮೂರೂ ತಾಲ್ಲೂಕಿನ ತಂಡಗಳಿಗೆ, ಆಯೋಜಕರಿಗೆ ಕೆಲವು ಮಾತು.

ಒಂದು, ಪ್ರತಿ ತಂಡ ಒಂದು ನೋಟ್‌ಬುಕ್ ಇಡಲಿ. ಯಾರು ಎಷ್ಟು ರೈಡ್ ಮಾಡಿದರು, ಎಷ್ಟು ಅಂಕ ತಂದರು, ಎಷ್ಟು ಸಲ ಸಿಕ್ಕಿಬಿದ್ದರು, ಇಷ್ಟು ಬರೆದರೆ ಸಾಕು. ಐದು ಪಂದ್ಯ ಆದಮೇಲೆ ಅಣ್ಣನೇ ಅದನ್ನು ನೋಡಿ ತೀರ್ಮಾನ ಹೇಳುತ್ತಾನೆ, ಬೇರೆಯವರು ಬಾಯಿ ಬಿಡುವ ಮುಜುಗರ ತಪ್ಪುತ್ತದೆ.

ಎರಡು, ಅಣ್ಣನಿಗೆ ಮೂರನೇ ರೈಡರ್ ಜಾಗ ಕೊಡಿ. ಮೂರನೇ ರೈಡ್‌ನ ಒತ್ತಡಕ್ಕೆ, ಕೊನೆಯ ನಿಮಿಷಗಳಿಗೆ ಅವನ ಅನುಭವ ಕಾದಿರಲಿ. ಉಳಿದ ಹೊತ್ತು ಅವನು ಕವರ್‌ನಲ್ಲೋ ಕಾರ್ನರ್‌ನಲ್ಲೋ ನಿಂತು ಡಿಫೆನ್ಸ್ ನಡೆಸಲಿ.

ಮೂರು, ಆಯೋಜಕರು ಹೊರಗಿನ ಆಟಗಾರರಿಗೆ ಮಿತಿ ಹಾಕಲಿ, ತಂಡಕ್ಕೆ ಇಬ್ಬರು ಸಾಕು. ಬೆಸ್ಟ್ ರೈಡರ್ ಬಹುಮಾನದ ಪಕ್ಕದಲ್ಲಿ ಇಪ್ಪತ್ತೊಂದರೊಳಗಿನ ಬೆಸ್ಟ್ ರೈಡರ್‌ಗೂ ಒಂದು ಬಹುಮಾನ ಇಡಲಿ.

ನಾಲ್ಕು, ಗೆದ್ದ ದುಡ್ಡಿನಲ್ಲಿ ಒಂದು ಪಾಲು ಗಾಯಾಳುಗಳಿಗೆ ಅಂತ ತಂಡದ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇರಲಿ. ಅಣ್ಣನಿಗೆ ಹಾಕುವ ಶಾಲು, ಹಾರಕ್ಕಿಂತ ಇದು ದೊಡ್ಡ ಸನ್ಮಾನ.

ಈ ಸಲದ ಪಂದ್ಯಾವಳಿಗಳಿಗೆ ತಂಡದ ಪಟ್ಟಿ ಬರೆಯಲು ಕೂತಾಗ ಮೊದಲು ಹುಡುಗರ ಹೆಸರು ಬರೆಯಿರಿ. ಆಮೇಲೆ ಅಣ್ಣನನ್ನು ಕೂರಿಸಿಕೊಂಡು ಕೇಳಿ: ಈ ಹುಡುಗರನ್ನು ಗೆಲ್ಲಿಸಲು ನೀನು ಎಲ್ಲಿ ನಿಲ್ಲುತ್ತೀಯಣ್ಣ?