ಅಭ್ಯಾಸ ಶಾಲೆಗೆ ಸೈಕಲ್ ಸವಾರಿ

ಬೋಧನಾಭ್ಯಾಸದ ಮೊದಲ ವಾರದಲ್ಲೇ ನಾನು ಎರಡು ದಿನ ಪ್ರಾರ್ಥನೆ ಮುಗಿದ ಮೇಲೆ ಶಾಲೆ ತಲುಪಿದೆ. ಬಸ್ಸು ತಡವಾಯಿತೆಂಬ ಕಾರಣವನ್ನು ಮುಖ್ಯಶಿಕ್ಷಕರು ಒಪ್ಪಿಕೊಂಡರು. ಆದರೆ ನನ್ನ ಮೊದಲ ಅವಧಿಯನ್ನು ಆಗಲೇ ಬೇರೆಯವರು ತೆಗೆದುಕೊಂಡಿದ್ದರು. ಶಾಲೆ ಇರುವುದು ಆರೇ ಕಿ.ಮೀ. ದೂರದಲ್ಲಿ. ಮೂರನೇ ವಾರದಿಂದ ಸೈಕಲ್‌ನಲ್ಲಿ ಹೋಗುತ್ತಿದ್ದೇನೆ. ಅರ್ಧ ಗಂಟೆ ಸಾಕು. ಹತ್ತಿರದ ಶಾಲೆಗಳಿಗೆ ನಿಯೋಜಿತರಾದ ಪ್ರಶಿಕ್ಷಣಾರ್ಥಿಗಳಿಗೆ ಇದೇ ತಕ್ಕ ವಾಹನ ಎಂಬುದು ನನ್ನ ಅಭಿಪ್ರಾಯ.

ಪಾಠದಂತೆ ಸವಾರಿಗೂ ಯೋಜನೆ ಬೇಕು. ಮೊದಲ ದಿನವೇ ಚಾರ್ಟು, ಊಟದ ಡಬ್ಬಿ ಹೇರಿಕೊಂಡು ಹೊರಡಬಾರದು. ಭಾನುವಾರ ಒಮ್ಮೆ ಬರಿಗೈಯಲ್ಲಿ ಹೋಗಿಬಂದು ದಾರಿಯ ಏರು, ಗುಂಡಿ, ಹಿಡಿಯುವ ಸಮಯ ತಿಳಿದುಕೊಳ್ಳಬೇಕು. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರುವಷ್ಟು ಸೀಟು ಎತ್ತರವಿರಲಿ. ಸೀಟು ತೀರಾ ತಗ್ಗಿದ್ದರೆ ಬೇಗ ಮೊಣಕಾಲು ನೋಯುತ್ತದೆ. ನಾವು ಸೈಕಲ್ಲನ್ನೇ ದೂರುತ್ತೇವೆ. ಗಾಳಿ, ಬ್ರೇಕುಗಳನ್ನು ಹಿಂದಿನ ಸಂಜೆಯೇ ನೋಡಿಕೊಳ್ಳಬೇಕು. ಕಾಲು ಗಂಟೆ ಮೊದಲೇ ತಲುಪಿದರೆ ಮುಖ ತೊಳೆದು, ಬೆವರು ಆರಿಸಿಕೊಂಡು ತರಗತಿಗೆ ಹೋಗಬಹುದು.

"ಮೇಷ್ಟ್ರು ಸೈಕಲ್‌ನಲ್ಲಿ ಬಂದರೆ ಮಕ್ಕಳು ಗೌರವ ಕೊಡುತ್ತಾರಾ?" ಎಂದು ಸಹಪಾಠಿಯೊಬ್ಬರು ಕೇಳಿದರು. ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ನಮ್ಮಲ್ಲಿ ಹಲವರು ಆ ಸೈಕಲ್ ತುಳಿದೇ ಪ್ರೌಢಶಾಲೆ ಮುಗಿಸಿದವರು. ಕಲಿಯಲು ಹೋಗುವಾಗ ಇಲ್ಲದ ಕೀಳರಿಮೆ ಕಲಿಸಲು ಹೋಗುವಾಗ ಏಕೆ?

ಘರ್ಷಣೆಯ ಪಾಠಕ್ಕೆ ಅದೇ ಸೈಕಲ್ಲನ್ನು ತರಗತಿಯ ಮುಂದೆ ನಿಲ್ಲಿಸಿದೆ. ಘರ್ಷಣೆ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಕೇಳಿದೆ. ಅದುವರೆಗೆ ಬಾಯಿಬಿಡದ ಹಿಂದಿನ ಬೆಂಚಿನ ಹುಡುಗ, "ಚೈನಿಗೆ ಎಣ್ಣೆ ಬಿಡಬೇಕು ಸಾರ್, ರಿಮ್ಮಿಗೆ ತಾಗಿದ್ರೆ ಬ್ರೇಕ್ ಹಿಡಿಯಲ್ಲ" ಎಂದ. ನನ್ನ ಪಾಠಯೋಜನೆಯಲ್ಲಿ ಅಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

ಎಲ್ಲರಿಗೂ ಇದು ಸುಲಭವಲ್ಲ, ಒಪ್ಪುತ್ತೇನೆ. ಲಾರಿಗಳು ಓಡಾಡುವ ಹೆದ್ದಾರಿಯೊಂದೇ ದಾರಿಯಾಗಿದ್ದರೆ ಬಸ್ಸೇ ಲೇಸು. ಸೀರೆ ಕಡ್ಡಾಯವಾದ ಕಡೆ ಸಹೋದರಿಯರಿಗೆ ಸೈಕಲ್ ತುಳಿಯುವುದು ಕಷ್ಟ. ಅವರನ್ನು ಬಿಟ್ಟು ಆಡಿದರೆ ನನ್ನ ಮಾತು ಅರ್ಧ ತರಗತಿಗೆ ಮಾತ್ರ ಆಡಿದಂತೆ. ಆದ್ದರಿಂದ ಅಧ್ಯಾಪಕರಲ್ಲಿ ಎರಡು ವಿನಂತಿ: ಶಾಲೆ ಹಂಚುವಾಗ ಪ್ರಶಿಕ್ಷಣಾರ್ಥಿಯ ವಾಸಸ್ಥಳದ ದೂರವನ್ನು ಗಮನಿಸಿ, ಸೈಕಲ್‌ನಲ್ಲಿ ಬರುವವರಿಗೆ ಚೂಡಿದಾರ್ ಧರಿಸಲು ಅನುಮತಿ ಕೊಡಿ. ಸಮಯಕ್ಕೆ ಬಂದ ಶಿಕ್ಷಕಿಯನ್ನು ಮಕ್ಕಳು ಉಡುಪಿನಿಂದ ಅಳೆಯುವುದಿಲ್ಲ.