ಮಂಚದ ಕೆಳಗಿನ ಹೊಸ ಅತಿಥಿ

ಬೀದಿಯಿಂದಲೋ ಪ್ರಾಣಿಗಳ ಆಶ್ರಯಧಾಮದಿಂದಲೋ ನಾಯಿಯೊಂದನ್ನು ಮನೆಗೆ ತಂದ ದಿನ ಮಕ್ಕಳ ಸಡಗರ ಹೇಳತೀರದು. ಒಬ್ಬಳು ಹೆಸರು ಹುಡುಕುತ್ತಾಳೆ, ಇನ್ನೊಬ್ಬ ಚೆಂಡು ತರುತ್ತಾನೆ, ಅಕ್ಕಪಕ್ಕದವರೆಲ್ಲ ನೋಡಲು ಬರುತ್ತಾರೆ. ನಾಯಿ ಮಾತ್ರ ಮಂಚದ ಕೆಳಗೆ ನುಸುಳಿ, ಬಾಲವನ್ನು ಕಾಲುಗಳ ನಡುವೆ ಮುದುರಿಕೊಂಡು ನಡುಗುತ್ತಿರುತ್ತದೆ. ಇಟ್ಟ ಅನ್ನವನ್ನು ಮೂಸಿಯೂ ನೋಡುವುದಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಹಿರಿಯರು, 'ಇದು ಮನೆಗೆ ಒಗ್ಗುವ ನಾಯಿಯಲ್ಲ, ಬಿಟ್ಟು ಬನ್ನಿ' ಎನ್ನುತ್ತಾರೆ. ಗುರುತಿಲ್ಲದ ಬೀದಿಯಲ್ಲಿ ಬಿಟ್ಟ ನಾಯಿಯ ಮೇಲೆ ಅಲ್ಲಿನ ನಾಯಿಗಳ ಗುಂಪು ಮುಗಿಬೀಳುತ್ತದೆ. ಆದುದರಿಂದ ಆ ಮಾತನ್ನು ಆಡುವ ಮೊದಲು ಅದರ ಭಯದ ಕಾರಣವನ್ನು ತಿಳಿಯುವುದು ಒಳ್ಳೆಯದು.

ಅಪಾಯ ಕಂಡಾಗ ಪ್ರಾಣಿಯ ದೇಹದಲ್ಲಿ ಅಡ್ರಿನಲಿನ್ ಎಂಬ ರಸದೂತ ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ರಕ್ತ ಹೊಟ್ಟೆಯ ಕಡೆಯಿಂದ ಕಾಲಿನ ಸ್ನಾಯುಗಳತ್ತ ಹರಿಯುತ್ತದೆ. ಓಡಲು ಅಥವಾ ಹೋರಾಡಲು ಸಿದ್ಧವಾದ ದೇಹಕ್ಕೆ ಹಸಿವೆಯ ನೆನಪಿರುವುದಿಲ್ಲ. ಅನ್ನ ಮುಟ್ಟದಿರುವುದು ಹಟವಲ್ಲ, ಭಯ. ಮೇಲಾಗಿ ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಕೇಳಿದರೆ ನಾಯಿಯ ಕಿವಿ 40,000 ಹರ್ಟ್ಸ್‌ಗೂ ಮೇಲಿನದನ್ನು ಗ್ರಹಿಸುತ್ತದೆ. ಮಿಕ್ಸಿಯ ಸದ್ದು, ಕುಕ್ಕರಿನ ಕೂಗು ನಮಗೆ ಸಹಜವಾದರೂ ಬೀದಿಯಲ್ಲಿ ಬೆಳೆದ ನಾಯಿಗೆ ಅವು ಹೊಸ ಗಂಡಾಂತರಗಳೇ. ಪೊರಕೆ ಎತ್ತಿದೊಡನೆ ಅದು ಮುದುಡಿಕೊಂಡರೆ, ಹಿಂದೆ ಯಾರೋ ಕೋಲು ಬೀಸಿರಬಹುದು.

ಇಂಥ ನೆನಪು ಎಷ್ಟು ಆಳವಾಗಿ ಉಳಿಯುತ್ತದೆ? ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಪಾಠವನ್ನು ಓದಿದವರಿಗೆ ರಷ್ಯದ ವಿಜ್ಞಾನಿ ಇವಾನ್ ಪಾವ್ಲೋವ್ ಅವರ ಹೆಸರು ಪರಿಚಿತ. 1924ರ ಸೆಪ್ಟೆಂಬರ್‌ನಲ್ಲಿ ನೇವಾ ನದಿ ಉಕ್ಕಿ ಲೆನಿನ್‌ಗ್ರಾಡ್ ನಗರ ಜಲಾವೃತವಾಯಿತು. ಪಾವ್ಲೋವರ ನಾಯಿಗಳಿದ್ದ ಗೂಡುಗಳಿಗೂ ನೀರು ನುಗ್ಗಿತು. ಅವುಗಳನ್ನು ನೀರಿನಲ್ಲಿ ಈಜಿಸಿ ಪಾರುಮಾಡಬೇಕಾಯಿತು. ಆ ಬಳಿಕ ಕೆಲವು ನಾಯಿಗಳು ಮೊದಲು ಕಲಿತದ್ದನ್ನೇ ಮರೆತಂತೆ ವರ್ತಿಸಿದವು. ಅಂಥ ಒಂದು ನಾಯಿ ಚೇತರಿಸಿಕೊಂಡ ನಂತರ, ಕೋಣೆಯ ಬಾಗಿಲಡಿಯಿಂದ ಸ್ವಲ್ಪ ನೀರು ಹರಿದು ಬರುವಂತೆ ಮಾಡಿದಾಗ ಅದರ ಭಯವೆಲ್ಲ ಮರುಕಳಿಸಿತು. ಆದರೆ ಇನ್ನೊಂದು ಸಂಗತಿಯೂ ಕಂಡುಬಂತು. ಪ್ರಯೋಗ ನಡೆಸುವವನು ಬೇರೆ ಕೋಣೆಯಲ್ಲಿರುವ ಬದಲು ನಾಯಿಯ ಹತ್ತಿರವೇ ಕುಳಿತಾಗ ಅದು ಮೊದಲಿನಂತಾಗತೊಡಗಿತು.

ಅದೇ 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಭಯ ಬಿಡಿಸುವ ಒಂದು ವಿಧಾನವನ್ನು ಪ್ರಕಟಿಸಿದರು. ಪೀಟರ್ ಎಂಬ ಸುಮಾರು ಮೂರು ವರ್ಷದ ಬಾಲಕನಿಗೆ ಮೊಲವೆಂದರೆ ಅಂಜಿಕೆ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ತಿನ್ನುವುದಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ತಿಂಡಿಯ ಈ ಉಪಾಯ ಆರಂಭವಾಗುವ ಮೊದಲೇ ಪೀಟರ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು. ಹೋಗಿದ್ದ ಭಯ ಮರಳಿತು. ಆ ಬಳಿಕವೇ ತಿಂಡಿಯ ಈ ವಿಧಾನವನ್ನು ಆರಂಭಿಸಿದರು. ಕೊನೆಗೆ ಪೀಟರ್ ಮೊಲದೊಂದಿಗೆ ಆಡಿದ.

ಮನೆಗೆ ಬಂದ ನಾಯಿಗೂ ಇದೇ ದಾರಿ. ಮೊದಲು ಓಡಾಟವಿಲ್ಲದ ಒಂದು ಮೂಲೆಯಲ್ಲಿ ಹಳೆಯ ಗೋಣಿಚೀಲ ಹಾಸಿ, ನೀರಿನ ಬಟ್ಟಲಿಡಿ. ಅಲ್ಲಿ ಮಲಗಿರುವಾಗ ಯಾರೂ ಮುಟ್ಟಬಾರದು, ಹೊರಗೆ ಎಳೆಯಬಾರದು. ಕೆಲವು ದಿನ ನೆಂಟರಿಷ್ಟರ ಭೇಟಿ ಬೇಡ. ಊಟ, ಹೊರಗೆ ಕರೆದೊಯ್ಯುವುದು ನಿತ್ಯ ಒಂದೇ ಹೊತ್ತಿಗೆ ನಡೆಯಲಿ. ಮುಂದೇನಾಗುತ್ತದೆಂದು ತಿಳಿದರೆ ಅಂಜಿಕೆ ಅರ್ಧ ಇಳಿಯುತ್ತದೆ. ದಿಟ್ಟಿಸಿ ನೋಡುವುದು, ಮೇಲೆ ಬಾಗಿ ತಲೆ ಸವರುವುದು ನಾಯಿಯ ಲೆಕ್ಕದಲ್ಲಿ ಬೆದರಿಕೆ. ಅದರ ಬದಲು ದೊಡ್ಡವರೊಬ್ಬರು ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಳಿತು ಪತ್ರಿಕೆ ಓದುತ್ತಾ, ಆಗಾಗ ಬೇಯಿಸಿದ ಮೊಟ್ಟೆಯ ಚೂರನ್ನು ಅದರತ್ತ ಹಾಕಲಿ. ಹತ್ತಿರ ಬರುವ ನಿರ್ಧಾರ ನಾಯಿಯದೇ ಆಗಿರಲಿ.

ಮಿಕ್ಸಿಯ ಭಯವಿದ್ದರೆ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಒಂದು ಕ್ಷಣ ತಿರುಗಿಸಿ. ಸದ್ದು ಕೇಳಿದೊಡನೆ ತಿಂಡಿ ಕೊಡಿ. ನಾಯಿ ತಿನ್ನುವುದನ್ನು ನಿಲ್ಲಿಸಿದರೆ ಅವಸರವಾಯಿತೆಂದೇ ಅರ್ಥ. ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಮನೆಯೊಳಗೆ ಗಲೀಜು ಮಾಡಿತೆಂದು ಹೊಡೆದರೆ ನಾಯಿ ಶುಚಿತ್ವವನ್ನು ಕಲಿಯುವುದಿಲ್ಲ, ಹೊಡೆದವರ ಭಯವನ್ನು ಕಲಿಯುತ್ತದೆ. ಹೊರಗೆ ಒಯ್ಯುವಾಗ ಕೊರಳಪಟ್ಟಿ ಬಿಗಿಯಾಗಿ, ಆದರೆ ಎರಡು ಬೆರಳು ತೂರುವಷ್ಟು ಸಡಿಲವಾಗಿ ಇರಲಿ. ಹೆದರಿದ ನಾಯಿ ಕೊಸರಿಕೊಂಡು ಓಡಿಬಿಡುತ್ತದೆ. ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಂತೂ ಕಿಟಕಿ ಬಾಗಿಲು ಮುಚ್ಚಿ ಜೊತೆಗಿರುವುದೇ ಲೇಸು.

ಹೆದರಿದ ನಾಯಿಯೇ ಕಚ್ಚುವುದು ಹೆಚ್ಚು. ತುಟಿ ನೆಕ್ಕುವುದು, ಕಾರಣವಿಲ್ಲದೆ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಗುರುಗುಟ್ಟುವುದು ಅದರ ಮುನ್ಸೂಚನೆಗಳು. ಗುರುಗುಟ್ಟಿದ್ದಕ್ಕೆ ಗದರಬೇಡಿ, ದೂರ ಸರಿಯಿರಿ. ಚಿಕ್ಕ ಮಕ್ಕಳನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬಾರದು. ಮನೆಗೆ ತಂದ ಕೂಡಲೇ ಪಶುವೈದ್ಯರಿಗೆ ತೋರಿಸಿ ರೇಬೀಸ್ ಲಸಿಕೆ ಹಾಕಿಸಬೇಕು. ಹಲ್ಲು ಅಥವಾ ಉಗುರು ತಾಗಿ ಗಾಯವಾದರೆ ಮಕ್ಕಳು ಬೈಗುಳಕ್ಕೆ ಅಂಜಿ ಮುಚ್ಚಿಡಬಾರದು. ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ತೀರಾ ಅಪರೂಪ. ಮೊದಲೇ ಚುಚ್ಚುಮದ್ದು ಪಡೆದರೆ ಅದನ್ನು ತಡೆಯಬಹುದು.

ವಿದ್ಯಾರ್ಥಿಗಳು ಇದನ್ನೊಂದು ಪ್ರಯೋಗವಾಗಿಯೂ ಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ನಾಯಿ ಎಷ್ಟು ತಿಂದಿತು, ಎಷ್ಟು ಅಡಿ ಹತ್ತಿರ ಬಂತು, ಯಾವುದಕ್ಕೆ ಬೆದರಿತು ಎಂದು ಬರೆದಿಡಿ. ಕೆಲವು ನಾಯಿಗಳಿಗೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಪೀಟರನಿಗಾದಂತೆ ಹಿನ್ನಡೆಯೂ ಆದೀತು. ನಿನ್ನೆ ಆರು ಅಡಿ, ಇಂದು ಐದು ಅಡಿ ಎಂದು ಬರೆದ ಪುಟವನ್ನು ಅಜ್ಜನಿಗೆ ತೋರಿಸಿದರೆ, 'ಬಿಟ್ಟು ಬನ್ನಿ' ಎಂದವರೇ 'ಇನ್ನೊಂದು ವಾರ ನೋಡೋಣ' ಎಂದಾರು.