ಇಡುಗಂಟು ಮತ್ತು ಕಾಲಗಣನೆ

ಸಂಬಳದಿಂದ ತಿಂಗಳು ತಿಂಗಳೂ ಮುರಿದುಕೊಳ್ಳುವ ಹಣವು ಮುಪ್ಪಿನ ಹೊತ್ತಿಗೆ ಎಷ್ಟಾದೀತು ಎಂಬ ಪ್ರಶ್ನೆ ಹಿಂದಿನ ತಲೆಮಾರಿನ ಸರ್ಕಾರಿ ನೌಕರನನ್ನು ಅಷ್ಟಾಗಿ ಬಾಧಿಸಿದ್ದಿಲ್ಲ. ಆತನ ನಿವೃತ್ತಿವೇತನವು ಸೇವಾವಧಿಯನ್ನೂ ಕೊನೆಯ ಸಂಬಳವನ್ನೂ ಅನುಸರಿಸಿ ನಿರ್ಣಯವಾಗುತ್ತಿತ್ತೇ ಹೊರತು ಯಾವ ಪೇಟೆಯ ಏರಿಳಿತಕ್ಕೂ ಕಾದು ಕೂರುತ್ತಿರಲಿಲ್ಲ. 2004ರ ಜನವರಿ 1ರ ತರುವಾಯ, ಸೈನ್ಯವೊಂದನ್ನು ಬಿಟ್ಟು, ಕೇಂದ್ರ ಸರ್ಕಾರದ ಸೇವೆಗೆ ಸೇರಿದವರಿಗೂ, 2006ರ ಏಪ್ರಿಲ್ 1ರ ತರುವಾಯ ಕರ್ನಾಟಕ ಸರ್ಕಾರದ ಸೇವೆಗೆ ಸೇರಿದವರಿಗೂ ಅನ್ವಯವಾಗಿ, 2009ರ ಮೇ ತಿಂಗಳಿನಿಂದ ಇಚ್ಛೆಯುಳ್ಳ ನಾಗರಿಕರೆಲ್ಲರಿಗೂ ತೆರೆದುಕೊಂಡ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಎಂದರೆ ಎಲ್ಲರ ಬಾಯಲ್ಲಿರುವ ಎನ್‌ಪಿಎಸ್, ಈ ನಿಶ್ಚಿಂತೆಯನ್ನು ಕೊನೆಗಾಣಿಸಿತು. ಗುಮಾಸ್ತನೂ ಶಿಕ್ಷಕಿಯೂ ತಾವು ಬಯಸದೆಯೇ ಹೂಡಿಕೆದಾರರಾದರು. ಹೂಡಿಕೆಯ ಹೊಣೆಯನ್ನು ಅವರ ಹೆಗಲಿಗೇರಿಸಿದ ವ್ಯವಸ್ಥೆಯು, ಅದರ ಫಲವನ್ನು ಅಳೆಯುವ ವಿದ್ಯೆಯನ್ನು ಮಾತ್ರ ಅವರಿಗೆ ಕಲಿಸಿಕೊಡಲಿಲ್ಲ.

ಇದರ ಪರಿಣಾಮವು ಕಚೇರಿಗಳ ಊಟದ ವಿರಾಮದಲ್ಲಿ ನಡೆಯುವ ಸಂಭಾಷಣೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಿಂಗಳಿಗೆ 10,000 ರೂಪಾಯಿಯಂತೆ ಹತ್ತು ವರ್ಷ ಕಟ್ಟಿದ ಒಬ್ಬರ ಖಾತೆಯಲ್ಲಿ ಈಗ 19 ಲಕ್ಷ ಇದೆಯೆಂದು ಭಾವಿಸೋಣ. ಕಟ್ಟಿದ್ದು 12 ಲಕ್ಷ, ಬೆಳೆದದ್ದು 7 ಲಕ್ಷ, ಅಂದರೆ ನೂರಕ್ಕೆ 58. ಇದನ್ನು ಹತ್ತರಿಂದ ಭಾಗಿಸಿ, ವರ್ಷಕ್ಕೆ ನೂರಕ್ಕೆ 5.8 ಮಾತ್ರವೆಂದೂ, ಇದಕ್ಕಿಂತ ಬ್ಯಾಂಕಿನ ಎಫ್‌ಡಿಯೇ ವಾಸಿಯಾಗಿತ್ತೆಂದೂ ಅವರು ನಿಟ್ಟುಸಿರಿಡುತ್ತಾರೆ. ವಾಸ್ತವದಲ್ಲಿ ಆ ಹಣ ಬೆಳೆದಿರುವುದು ವರ್ಷಕ್ಕೆ ಸುಮಾರು ನೂರಕ್ಕೆ 9ರಂತೆ. ಲೆಕ್ಕ ತಪ್ಪಿದ ಜಾಗ ಯಾವುದೆಂದರೆ, 12 ಲಕ್ಷವೂ ಹತ್ತು ವರ್ಷ ಖಾತೆಯಲ್ಲಿತ್ತೆಂದು ಭಾವಿಸಿದ್ದು. ಮೊದಲ ಕಂತು ಮಾತ್ರ ಅಷ್ಟು ಕಾಲ ದುಡಿದಿದೆ; ಕೊನೆಯ ಕಂತು ಬಂದು ಕೆಲವು ದಿನಗಳೂ ಆಗಿಲ್ಲ; ಸರಾಸರಿಯಲ್ಲಿ ಪ್ರತಿಯೊಂದು ರೂಪಾಯಿಯೂ ಐದು ವರ್ಷ ಮಾತ್ರ ಅಲ್ಲಿತ್ತು. ಹತ್ತು ವರ್ಷದ ಹಿಂದೆ ನೆಟ್ಟ ತೆಂಗನ್ನೂ ಹೋದ ಮಳೆಗಾಲದಲ್ಲಿ ನೆಟ್ಟ ಸಸಿಯನ್ನೂ ಒಟ್ಟಿಗೆ ಎಣಿಸಿ, ತೋಟಕ್ಕೆ ಹತ್ತು ವರ್ಷವಾಯಿತು, ಕಾಯಿ ಸಾಲದು ಎಂದು ದೂರುವವನ ಗಣಿತವಿದು.

ತದ್ವಿರುದ್ಧವಾದ ಪ್ರಮಾದವೂ ಉಂಟು. ಅದು ಸಂತೋಷವನ್ನು ಕೊಡುವುದರಿಂದ ಇನ್ನೂ ಅಪಾಯಕರವಾದುದು. ವರ್ಷದ ಆದಿಯಲ್ಲಿ 10 ಲಕ್ಷವಿದ್ದ ಖಾತೆ ಅಂತ್ಯದಲ್ಲಿ 12 ಲಕ್ಷವಾಯಿತೆಂದು, ನೂರಕ್ಕೆ 20ರ ವೃದ್ಧಿಯಾಯಿತೆಂದು ಹಿಗ್ಗುವವರು, ಅದರಲ್ಲಿ ಒಂದೂವರೆ ಲಕ್ಷ ತಮ್ಮದೇ ವಂತಿಗೆಯೆಂಬುದನ್ನು ಮರೆತಿರುತ್ತಾರೆ. ಇಲ್ಲಿ ಕಾಗದದ ಚೂರಿನ ಮೇಲೆ ಮಾಡಬಹುದಾದ ಒಂದು ಸುಲಭೋಪಾಯವಿದೆ: ಆರಂಭದ ಮೊತ್ತಕ್ಕೆ ಆ ವರ್ಷದ ವಂತಿಗೆಯ ಅರ್ಧವನ್ನು ಕೂಡಿ, ವಂತಿಗೆಯನ್ನು ಕಳೆದ ಮೇಲೆ ಉಳಿಯುವ ನಿಜವಾದ ವೃದ್ಧಿಯನ್ನು ಅದರಿಂದ ಭಾಗಿಸುವುದು. 50,000ವನ್ನು 10,75,000ದಿಂದ ಭಾಗಿಸಿದರೆ ದೊರೆಯುವುದು ನೂರಕ್ಕೆ 4.65. ಇಪ್ಪತ್ತಕ್ಕೂ ಇದಕ್ಕೂ ಇರುವ ದೂರವನ್ನು ವಿವರಿಸಬೇಕಾಗಿಲ್ಲ.

ಹಲವು ವರ್ಷಗಳ ಲೆಕ್ಕಕ್ಕೆ ಸಮರ್ಪಕವಾದ ಮಾನದಂಡವೆಂದರೆ ಎಕ್ಸ್‌ಐಆರ್‌ಆರ್ ಎಂಬುದು. ಹೆಸರು ಕರ್ಕಶವಾದರೂ ತತ್ತ್ವ ಸರಳವಾದುದು. ಪ್ರತಿಯೊಂದು ಕಂತನ್ನೂ ಅದು ಖಾತೆಗೆ ಸೇರಿದ ದಿನದಿಂದ ಇಂದಿನವರೆಗೆ ಯಾವ ಒಂದೇ ದರದಲ್ಲಿ ಚಕ್ರಬಡ್ಡಿಯಿಂದ ಬೆಳೆಸಿದರೆ ಎಲ್ಲವೂ ಕೂಡಿ ಇಂದಿನ ಮೊತ್ತಕ್ಕೆ ಸರಿಯಾಗುವುದೋ, ಆ ದರವೇ ನಮ್ಮ ವಾರ್ಷಿಕ ಗಳಿಕೆ. ಎಕ್ಸೆಲ್‌ನಲ್ಲಿ ಒಂದು ಸಾಲಿನಲ್ಲಿ ದಿನಾಂಕಗಳನ್ನೂ, ಪಕ್ಕದ ಸಾಲಿನಲ್ಲಿ ಕಟ್ಟಿದ ಹಣವನ್ನು ಋಣಚಿಹ್ನೆಯೊಡನೆಯೂ, ಕೊನೆಗೆ ಇಂದಿನ ಶಿಲ್ಕನ್ನು ಧನವಾಗಿಯೂ ಬರೆದರೆ ಯಂತ್ರವೇ ಊಹಿಸಿ, ತಿದ್ದಿ, ಮತ್ತೆ ಊಹಿಸಿ ಉತ್ತರವನ್ನು ಹೇಳುತ್ತದೆ. ಎನ್‌ಪಿಎಸ್ ಖಾತೆಯ ಸ್ಟೇಟ್‌ಮೆಂಟಿನಲ್ಲಿಯೂ ಈ ಅಂಕಿಯನ್ನು ಮುದ್ರಿಸುತ್ತಾರೆ. ಆದರೆ ಅದನ್ನು ಗಮನಿಸುವವರು ವಿರಳ, ಗಮನಿಸಿದವರಿಗೂ ಅರ್ಥವನ್ನು ಹೇಳುವವರಿಲ್ಲ. ಖಾತೆ ಎಳೆಯದಾಗಿರುವಾಗ ಈ ಅಂಕಿಯನ್ನು ನಂಬಲಾಗದೆಂಬುದನ್ನೂ ಸೇರಿಸಬೇಕು: ಒಂದು ತಿಂಗಳಲ್ಲಿ ನೂರಕ್ಕೆ 2 ಬೆಳೆದ ಹಣವನ್ನು ಅದು ವರ್ಷಕ್ಕೆ ಸುಮಾರು 27ರ ಗಳಿಕೆಯೆಂದು ಘೋಷಿಸಿಬಿಡುತ್ತದೆ.

ಇದರೊಡನೆಯೇ ವಿವೇಚಿಸಬೇಕಾದ ಭೇದವೊಂದಿದೆ. ನನ್ನ ಹಣ ಹೇಗೆ ಬೆಳೆಯಿತು ಎಂಬುದೊಂದು ಪ್ರಶ್ನೆ. ನನ್ನ ಹಣವನ್ನು ನಿರ್ವಹಿಸಿದವರು ಹೇಗೆ ಕೆಲಸ ಮಾಡಿದರು ಎಂಬುದು ಬೇರೊಂದು. 2020ರ ಜನವರಿಯಲ್ಲಿ 42,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ಕ್ಕಿಂತ ಕೆಳಗಿಳಿದು, ಮರುವರ್ಷದ ಜನವರಿಯಲ್ಲಿ 50,000ವನ್ನು ಮುಟ್ಟಿತು. ಎನ್‌ಪಿಎಸ್‌ನ ಷೇರು ವಿಭಾಗವನ್ನು ಆರಿಸಿಕೊಂಡಿದ್ದ ಇಬ್ಬರಲ್ಲಿ, ತೆರಿಗೆ ವಿನಾಯಿತಿಯ 50,000 ರೂಪಾಯಿಯನ್ನು ಆ ಜನವರಿಯಲ್ಲಿಯೇ ಶ್ರದ್ಧೆಯಿಂದ ಕಟ್ಟಿದವರಿಗಿಂತ, ಸೋಮಾರಿತನದಿಂದ ಮಾರ್ಚ್ ಕೊನೆಯವರೆಗೆ ತಳ್ಳಿದವರ ಗಳಿಕೆ ಬಹಳ ಹೆಚ್ಚಾಗಿ ಕಂಡಿರಬೇಕು. ನಿಧಿ ಒಂದೇ, ನಿರ್ವಾಹಕರು ಅವರೇ. ಹೆಚ್ಚಿದ ಶ್ರೇಯಸ್ಸು ಪಂಚಾಂಗದ್ದು. ಆದಕಾರಣ ನಿರ್ವಾಹಕರನ್ನು ತೂಗಬೇಕಾದಾಗ ಎನ್‌ಎವಿ ಎಂಬ ಯೂನಿಟ್ ಬೆಲೆಯು ಒಂದು ಅವಧಿಯಲ್ಲಿ ಎಷ್ಟು ಏರಿತೆಂಬುದನ್ನು ನೋಡತಕ್ಕುದು. ನಮ್ಮ ಖಾತೆಯ ಎಕ್ಸ್‌ಐಆರ್‌ಆರ್ ಹಿಡಿದು ಅವರನ್ನು ಹೊಗಳುವುದೂ ನ್ಯಾಯವಲ್ಲ, ಹಳಿಯುವುದೂ ನ್ಯಾಯವಲ್ಲ.

ಉದ್ಯೋಗದಾತರು ಸೇರಿಸುವ ಪಾಲನ್ನು, ಉದಾಹರಣೆಗೆ ಕೇಂದ್ರ ಸರ್ಕಾರವು ತನ್ನ ನೌಕರರಿಗೆ ಕೊಡುವ ನೂರಕ್ಕೆ 14ನ್ನು, ಕೆಲವರು ಲಾಭದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಏಜೆಂಟರಂತೂ ಉಳಿದ ತೆರಿಗೆಯನ್ನೂ ಅದಕ್ಕೆ ಕೂಡಿ ಕಣ್ಣು ಕೋರೈಸುವ ಅಂಕಿಯೊಂದನ್ನು ಸೃಷ್ಟಿಸುತ್ತಾರೆ. ಮೊದಲನೆಯದು ಸಂಬಳದ ಭಾಗ, ಎರಡನೆಯದು ಸರ್ಕಾರದ ರಿಯಾಯಿತಿ. ಎರಡೂ ಸ್ವಾಗತಾರ್ಹವೇ, ಆದರೆ ಹೂಡಿಕೆಯ ಗಳಿಕೆಯಲ್ಲ. ಖಾಸಗಿ ನೌಕರರ ಭವಿಷ್ಯ ನಿಧಿಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಘೋಷಿತವಾದ ಬಡ್ಡಿಯೇ, 2023-24 ಮತ್ತು 2024-25ರಲ್ಲಿ ನೂರಕ್ಕೆ 8.25, ಬಹುಮಟ್ಟಿಗೆ ನಮ್ಮ ಗಳಿಕೆ. ಆದರೂ ಪಾಸ್‌ಬುಕ್ಕಿನ ಮೂರು ಅಂಕಣಗಳನ್ನು ಒಟ್ಟುಗೂಡಿಸಿದವರಿಗೆ ಬಡ್ಡಿ ಕಡಿಮೆಯಾಗಿ ಕಾಣುತ್ತದೆ. ಏಕೆಂದರೆ ಮಾಲೀಕರ ಪಾಲಿನಿಂದ, 15,000 ರೂಪಾಯಿ ವೇತನದ ಮಿತಿಗೆ ಒಳಪಟ್ಟು, ತಿಂಗಳಿಗೆ 1,250ರವರೆಗೆ ಪಿಂಚಣಿ ಅಂಕಣಕ್ಕೆ ಹೋಗುತ್ತದೆ. ಆ ಅಂಕಣಕ್ಕೆ ಬಡ್ಡಿಯೇ ಇಲ್ಲ. ಅಲ್ಲಿಂದ ದೊರೆಯುವ ಪಿಂಚಣಿಯನ್ನು ಸೇವಾವರ್ಷವನ್ನೂ ವೇತನವನ್ನೂ ಗುಣಿಸಿ 70ರಿಂದ ಭಾಗಿಸುವ ಸೂತ್ರ ನಿರ್ಧರಿಸುತ್ತದೆ.

ಇಷ್ಟೆಲ್ಲ ಶುದ್ಧವಾಗಿ ಗಣಿಸಿದ ದರವೂ ಬೆಲೆಯೇರಿಕೆಯನ್ನು ಕಳೆಯದೆ ಅಪೂರ್ಣವಾದುದೇ. ಸಾರ್ವಜನಿಕ ಭವಿಷ್ಯ ನಿಧಿಯಲ್ಲಿ, ಪಿಪಿಎಫ್‌ನಲ್ಲಿ, ಒಂದು ಕಾಲಕ್ಕೆ ನೂರಕ್ಕೆ 12 ದೊರೆಯುತ್ತಿತ್ತು, 2020ರ ಏಪ್ರಿಲ್‌ನಿಂದ 7.1ಕ್ಕೆ ಇಳಿದಿದೆಯೆಂದು ಹಿರಿಯರು ಮರುಗುವುದುಂಟು. ಆದರೆ 1991ರಲ್ಲಿಯೂ 1998ರಲ್ಲಿಯೂ ಬೆಲೆಗಳು ನೂರಕ್ಕೆ 13ಕ್ಕೂ ಮಿಕ್ಕಿ ಏರಿದ್ದವು. ಆ ವರ್ಷಗಳಲ್ಲಿ ಹನ್ನೆರಡರ ಬಡ್ಡಿಯನ್ನು ಪಡೆದವರು ಮೊತ್ತದಲ್ಲಿ ಬೆಳೆದು, ಅದು ಕೊಳ್ಳಬಲ್ಲ ಅಕ್ಕಿ ಬೇಳೆಯಲ್ಲಿ ಕುಗ್ಗಿದರು. ಮೇಲೆ ಹೇಳಿದ ನೂರಕ್ಕೆ 9ರ ಗಳಿಕೆಯೂ ಬೆಲೆಯೇರಿಕೆ 5 ಇದ್ದಲ್ಲಿ ನಿಜವಾಗಿ 3.8 ಮಾತ್ರ.

ಹಳೆಯ ಪಿಂಚಣಿಯೇ ಮರಳಿ ಬರಲಿ ಎಂದು ರಾಜ್ಯದ ನೌಕರರು ಹೂಡಿದ ಚಳವಳಿಯನ್ನು ಈ ಲೆಕ್ಕಗಳಿಂದ ಖಂಡಿಸಬಹುದೆಂದು ಯಾರಾದರೂ ತಿಳಿದರೆ ಅದು ನನಗೆ ಸಮ್ಮತವಲ್ಲ. ಅವರು ಕೇಳುತ್ತಿರುವುದು ಹೆಚ್ಚಿನ ದರವನ್ನಲ್ಲ, ನಿಶ್ಚಿತತೆಯನ್ನು. ನಿಶ್ಚಿತತೆಯ ಬೆಲೆಯನ್ನು ಯಾವ ಎಕ್ಸ್‌ಐಆರ್‌ಆರ್ ಕೂಡ ಅಳೆಯಲಾರದು. ಆದರೆ ಹತ್ತರಿಂದ ಭಾಗಿಸಿದ 5.8ನ್ನು ಮುಂದಿಟ್ಟು ವಾದಿಸಿದರೆ ಅವರ ಪಕ್ಷವೇ ದುರ್ಬಲವಾದೀತು. ವರ್ಷಕ್ಕೊಮ್ಮೆ ಖಾತೆದಾರನ ಕೈ ಸೇರುವ ಪಟ್ಟಿಯಲ್ಲಿ, ನಿಧಿ ಬೆಳೆದ ದರ, ಈ ಖಾತೆ ಬೆಳೆದ ದರ, ಅದೇ ಅವಧಿಯಲ್ಲಿ ಬೆಲೆ ಏರಿದ ದರ, ಈ ಮೂರನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಒಟ್ಟಿಗೆ ಮುದ್ರಿಸುವುದು ಪಿಂಚಣಿ ಪ್ರಾಧಿಕಾರಕ್ಕೆ ಅಸಾಧ್ಯವಾದ ಕಾರ್ಯವೇನಲ್ಲ. ಅರವತ್ತನೆಯ ವಯಸ್ಸಿನಲ್ಲಿ ಸರ್ಕಾರಿ ನೌಕರನು ತನ್ನ ಗಂಟಿನ ಕನಿಷ್ಠ ನೂರಕ್ಕೆ 40ನ್ನು ಕೊಟ್ಟು ವರ್ಷಾಶನವನ್ನು ಕೊಳ್ಳಬೇಕಾಗಿ ಬಂದಾಗ, ಅಸಲು ವಾರಸುದಾರರಿಗೆ ಮರಳುವ ಬಗೆಗೂ ಮರಳದ ಬಗೆಗೂ ವಿಮಾ ಕಂಪನಿಗಳು ಹೇಳುವ ದರಗಳನ್ನು ಅದೇ ಪಟ್ಟಿಯ ಕೆಳಗೆ ಸೇರಿಸುವುದೂ ಅಸಾಧ್ಯವಲ್ಲ.